ಎಪ್ಪತ್ತರ ಮೇಲಿದ್ದ ಮುಳ್ಳು

ಡೆವನ್ ಅವೆನ್ಯೂನಲ್ಲಿ ದೋಸೆ ತಿಂದು, ಶ್ರೀಧರ ಅಂಕಲ್ ಮತ್ತು ಪದ್ಮಾ ಆಂಟಿಯ ಜೊತೆ ಲಿವೋನಿಯಾ ಊರಿಗೆ ಹೊರಟ ನಾನು ಈಗ ದಾರಿಯ ರೆಸ್ಟ್ ಏರಿಯಾದಲ್ಲಿ ಕೂತಿದ್ದೇನೆ.

ಅಂಕಲ್‌ರದು ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರು. ಜರ್ಮನಿಯಲ್ಲಿದ್ದಾಗ ಕೊಂಡು, ಅಲ್ಲಿನ ರಸ್ತೆಗೆ ತಕ್ಕಂತೆ ಮೈಲಿಯ ಡಯಲ್ ತೆಗೆದು ಕಿಲೋಮೀಟರಿನದನ್ನು ಕೂರಿಸಿದ್ದರು. ಇತ್ತೀಚೆಗೆ ಕಾರಿನ ಸಮೇತ ಇಲ್ಲಿಗೆ, ಅಮೆರಿಕಕ್ಕೆ ಬಂದಿದ್ದಾರೆ.

ಹೆದ್ದಾರಿಯ ವೇಗಮಿತಿಯ ಫಲಕದಲ್ಲಿ ಎಪ್ಪತ್ತು ಎಂದಿತ್ತು, ಮುಳ್ಳೂ ಎಪ್ಪತ್ತರಲ್ಲೇ ಇತ್ತು. ಅಂಕಲ್ ಜರ್ಮನಿಯ ಚಳಿ, ಅಲ್ಲಿನ ಗ್ಯಾರೇಜು ಎಂದು ಕತೆಯಲ್ಲಿ ಮುಳುಗಿದ್ದರು. ಫಲಕದ್ದು ಮೈಲಿ, ಮುಳ್ಳಿನದು ಕಿಲೋಮೀಟರು ಎಂಬುದು ಯಾರಿಗೂ ಹೊಳೆಯಲಿಲ್ಲ; ಎಲ್ಲರಿಗಿಂತ ತೀರಾ ನಿಧಾನವಾಗಿ ಹೋಗುತ್ತಿದ್ದೆವು. ಹಿಂದಿನ ಗಾಜಿನ ತುಂಬ ಟ್ರಕ್ಕಿನ ಮೂತಿ ಕಂಡಿತು. ಅದು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಹೊರಳಿ, ನಮ್ಮನ್ನು ಸವರಿಕೊಂಡಂತೆ ದಾಟಿತು. ಕಣ್ಣು ಮುಚ್ಚಿದರೆ ಈಗಲೂ ಅದೇ ಮೂತಿ.

“ಡಯಲ್ ಚೇಂಜ್ ಮಾಡಿಸ್ಬಿಡಿ ಅಂಕಲ್,” ಎಂದೆ, ಇಲ್ಲಿ ಬಂದು ಕಾರು ನಿಲ್ಲಿಸಿದ ಮೇಲೆ.

“ನಾವಿಬ್ರೇ ಕೂತು ಹಾಕಿದ್ದು ಇದನ್ನ. ಟಾರ್ಚ್ ಹಿಡಿದಿದ್ದು ಇವಳು. ಹೇಗೆ ತೆಗೀಲಿ?”

“ಹಿಡಿದೂ ಹಿಡಿದೂ ಬೆರಳು ಮರಗಟ್ಟಿತ್ತು, ಅದನ್ನೂ ಹೇಳಿ,” ಎಂದ ಆಂಟಿ, ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು, ಎಪ್ಪತ್ತು ಮೈಲಿಗೆ ಸಮೀಪದ, ಡಯಲ್ಲಿನ ನೂರಹತ್ತರ ಮೇಲೆ ಒತ್ತಿ ಅಂಟಿಸಿ ಗಂಡನಿಗೆ ಹೇಳಿದರು:

“ಮುಳ್ಳು ಇಲ್ಲಿಗೆ ಬರೋವರೆಗೂ ಜರ್ಮನಿ ಸುದ್ದಿ ಎತ್ತಬೇಡಿ.”