ಅತ್ತಿಗೆ ಎಚ್ಚರವಾಗಿದ್ದ ದಿನಗಳು

ನನಗೂ ಅತ್ತಿಗೆಗೂ ನಾಲ್ಕು ವರ್ಷ ಮಾತಿರಲಿಲ್ಲ. ತಪ್ಪು ನನ್ನದೇ. ಅವ್ವ ಹಾಸಿಗೆ ಹಿಡಿದು ಮೂರು ವರ್ಷ ಮಲಗಿದ್ದಾಗ ಬಿಳಿಗೆರೆಯ ಮನೆಯಲ್ಲಿ ಅವಳಿಗೆ ಉಣಿಸಿ, ಬಟ್ಟೆ ಬದಲಿಸಿದವಳು ಅತ್ತಿಗೆ. ನಾನು ನಂಜನಗೂಡಿನಲ್ಲಿ ಮೇಷ್ಟ್ರಮ್ಮ. ಭಾನುವಾರ ಹಣ್ಣು ಹಿಡಿದು ಹೋಗಿ ಸಂಜೆ ಬಸ್ಸಿಗೆ ವಾಪಸ್ಸಾಗುತ್ತಿದ್ದೆ. ಅವ್ವನ ತಿಥಿಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, "ಬೆನ್ನೆಲ್ಲಾ ಹುಣ್ಣಾಗೋಗಿತ್ತು. ಸರಿಯಾಗಿ ನೋಡ್ಕೊಂಡಿದ್ರೆ ಇನ್ನೊಂದಷ್ಟು ದಿನ ಇರ್ತಿದ್ಲು" ಎಂದುಬಿಟ್ಟೆ. ಅತ್ತಿಗೆ ಕೈಯಲ್ಲಿದ್ದ ಸಾರಿನ ಬಕೆಟ್ಟನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅಷ್ಟೇ.

ಆಮೇಲೆ ಅವಳಿಗೆ ಕೆಮ್ಮು ಹತ್ತಿತು. ಕೊಟ್ಟಿಗೆಯಿಂದ ಜಗಲಿಗೆ ಬರುವಷ್ಟರಲ್ಲಿ ಏದುಸಿರು. ಶ್ವಾಸಕೋಶ ಒಣಗಿ ಗಟ್ಟಿಯಾಗುತ್ತಿದೆ, ಬದಲಿಸುವುದೊಂದೇ ದಾರಿ ಎಂದರು ಡಾಕ್ಟರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾಗಲೇ ಉಸಿರು ಪೂರ್ತಿ ಕೈಕೊಟ್ಟಿತು. ಕುತ್ತಿಗೆಗೆ ಬೆರಳಿನ ಗಾತ್ರದ ಕೊಳವೆ ಹಾಕಿ, ರಕ್ತವನ್ನು ಹೊರಗೆ ತೆಗೆದು ಆಮ್ಲಜನಕ ಬೆರೆಸಿ ಮತ್ತೆ ಒಳಗೆ ಕಳಿಸುವ ಯಂತ್ರಕ್ಕೆ ಜೋಡಿಸಿದರು. ಕಪ್ಪಗೆ ಹೊರಹೋದ ರಕ್ತ ಕೆಂಪಗೆ ಒಳಬರುವುದನ್ನು ಕಂಡು ಅಣ್ಣನಿಗೆ ತಲೆ ಸುತ್ತಿತು.

"ನನ್ ಕೈಲಾಗದು ಕಣವ್ವಾ. ಊರಲ್ಲಿ ಅಸುಗಳೂ ಅವೆ. ನಿಂಗೆಂಗೂ ಸ್ಕೂಲು ರಜ. ನೀನೇ ಇರು" ಎಂದ.

ರೋಗಿಯ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇವರನ್ನ ನಿದ್ದೆ ಬರಿಸಿ ಮಲಗಿಸೋಲ್ಲ. ಮಲಗಿಸಿದ್ರೆ ಕೈಕಾಲಿನ ಶಕ್ತಿಯೆಲ್ಲ ಹೋಗುತ್ತೆ, ಆಪರೇಷನ್ ಆದ್ಮೇಲೆ ಏಳೋದು ಕಷ್ಟ. ಎಚ್ಚರವಾಗಿದ್ದು ತಿನ್ನಬೇಕು, ನಡೀಬೇಕು. ಮನಸ್ಸು ಕುಗ್ಗದ ಹಾಗೆ ಮಾತಾಡಿಸ್ತಾ ಇರೋದು ನಿಮ್ಮ ಕೆಲಸ."

ಲೋಕದಲ್ಲಿ ಇಷ್ಟೊಂದು ಜನರಿರುವಾಗ ಆ ಕೆಲಸ ನನಗೇ ಬಂತಲ್ಲ ಎನಿಸಿತು.

ಮೊದಲ ಕೆಲವು ದಿನ ಅವಳು ನರ್ಸಿನ ಜೊತೆ ಮಾತ್ರ ಮಾತಾಡಿದಳು. ನಾನು ಗಂಜಿ ಹಿಡಿದರೆ ಬಾಯಿ ತೆರೆಯುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಕೊಳವೆ ಎಳೆದೀತೆಂದು ಕುತ್ತಿಗೆ ತಿರುಗಿಸಲೂ ಹೆದರುತ್ತಿದ್ದಳು. ಒಂದು ಬೆಳಗ್ಗೆ ಡಾಕ್ಟರ ಕೈ ಹಿಡಿದು, "ನಂಗೆ ನಿದ್ದೆ ಸೂಜಿ ಚುಚ್ಬುಡಿ ಸಾ. ಇದ್ನೆಲ್ಲ ನೋಡ್ಕಂಡು ಇರಕ್ಕಾಗಲ್ಲ" ಎಂದು ಅತ್ತಳು. ಅವರು ಸಮಾಧಾನ ಹೇಳಿದರೇ ಹೊರತು ಸೂಜಿ ಚುಚ್ಚಲಿಲ್ಲ. ಇದೆಂಥ ಕಲ್ಲೆದೆ ಎಂದು ನನಗೇ ಸಿಟ್ಟು ಬಂತು.

ಒಂಬತ್ತನೆಯ ದಿನ ನರ್ಸಿನ ಜೊತೆ ಸೇರಿ ಅವಳ ಮೈ ಒರೆಸುತ್ತಿದ್ದೆ. ಸೊಂಟದ ಹಿಂಭಾಗ ಕೆಂಪಗೆ ಅಂಗೈಯಗಲ ಕಂದಿತ್ತು. ನಾನು ಗಾಬರಿಯಾಗಿ, "ಅಯ್ಯೋ ಸಿಸ್ಟರ್, ಬೆನ್ನು ಕೆಂಪಾಗಿದೆ, ಇಲ್ನೋಡಿ" ಎಂದೆ. ದಿನಕ್ಕೆ ಹತ್ತು ಸಲ ಮಗ್ಗುಲಾಗಿಸುತ್ತಿದ್ದೆವು, ಆದರೂ ಹಾಗಾಗಿತ್ತು.

ಅತ್ತಿಗೆ ಗೋಡೆಯ ಕಡೆ ನೋಡುತ್ತಲೇ, ಮಾತು ಮಾತಿಗೂ ನಿಂತು ನಿಂತು ಹೇಳಿದಳು: "ಒಂಬತ್ ದಿನಕ್ಕೇ... ನನ್ ಬೆನ್ನು ಕೆಂಪಾಯ್ತು. ನಿಮ್ಮವ್ವ... ಮೂರ್ ವರ್ಸ ಮಲಗಿದ್ಲು ಕಣಮ್ಮಿ."

ಮೂರು ವರ್ಷದಲ್ಲಿ ನಾನು ಒಂದು ಸಲವೂ ಅವ್ವನ ಮಗ್ಗುಲು ಬದಲಿಸಿರಲಿಲ್ಲ.

"ತಪ್ಪಾಯ್ತು ಅತ್ಗೆ" ಎಂದೆ.

"ಅಷ್ಟ್ ಜನದ್ ಮುಂದೆ ಅಂದೆ. ಯಾರೂ ಇಲ್ದಿರೋ ಕಡೆ ತಪ್ಪಾಯ್ತು ಅಂತೀಯ."

ಮಾತು ನ್ಯಾಯವಾಗಿತ್ತು. ಮಾರನೆಯ ದಿನ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಚಿಕ್ಕಮ್ಮಂದಿರನ್ನೂ ಪಕ್ಕದ ಮನೆಯವರನ್ನೂ ಜಗಲಿಗೆ ಕರೆಯಲು ಹೇಳಿದೆ. ಏನೋ ಆಗಬಾರದ್ದು ಆಗಿದೆ ಎಂದು ಎಲ್ಲರೂ ಓಡಿಬಂದರು. "ತಿಥಿ ದಿನ ನಾನಾಡಿದ್ದು ಸುಳ್ಳು. ಅವ್ವನ್ನ ಅಷ್ಟು ದಿನ ಉಳಿಸ್ಕೊಂಡಿದ್ದೇ ಅತ್ಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅತ್ತಿಗೆ ಕಣ್ಣೊರೆಸಿಕೊಂಡು, "ಸಾಕು ಬುಡು. ಆ ಗಬ್ಬದ್ ಅಸುಗೆ ಬೂಸ ಮಡಗುದ್ರಾ ಕೇಳು" ಎಂದಳು.

ಅಲ್ಲಿಂದ ಮಾತೋ ಮಾತು. ನಾನು ಗಂಜಿಗೆ ಉಪ್ಪು ಕಮ್ಮಿ ಹಾಕಿಸಿದ್ದಕ್ಕೆ ಜಗಳ, ತಲೆ ಬಾಚುವಾಗ ಬೈತಲೆ ಸೊಟ್ಟಗಾಗಿದ್ದಕ್ಕೆ ಜಗಳ. ವ್ಯಾಯಾಮ ಮಾಡಿಸುವ ಹುಡುಗಿ ಮೊದಲು ಅವಳನ್ನು ಮಂಚದ ಅಂಚಿಗೆ ಕೂರಿಸಿದಳು, ಆಮೇಲೆ ನಿಲ್ಲಿಸಿದಳು. ಕೊಳವೆ ಹಿಡಿಯಲೊಬ್ಬರು, ಯಂತ್ರ ತಳ್ಳಲೊಬ್ಬರು, ಎರಡೂ ಪಕ್ಕ ಇಬ್ಬರು. ನಡುವೆ ಅತ್ತಿಗೆ ಬಾಗಿಲವರೆಗೆ ನಡೆದಳು. "ಮೆರವಣಿಗೆ ಒಂಟಂಗದೆ" ಎಂದು ನಕ್ಕಳು.

ಒಂದು ಸಲ ಶ್ವಾಸಕೋಶ ಸಿಕ್ಕಿತೆಂದು ಸಿದ್ಧಮಾಡಿ, ಅದು ಚೆನ್ನಾಗಿಲ್ಲವೆಂದು ಕೈಬಿಟ್ಟರು. ಆ ದಿನ ನಾನು ಹೊರಗೆ ಹೋಗಿ ಅತ್ತುಬಿಟ್ಟೆ; ಅವಳು ಮಧ್ಯಾಹ್ನ ಎದ್ದು ನಡೆದಳು. ಐದು ದಿನದ ಮೇಲೆ ಮತ್ತೆ ಕರೆ ಬಂತು. ಒಳಗೆ ಕರೆದೊಯ್ಯುವಾಗ ನನ್ನ ಕೈ ಹಿಡಿದು, "ಯಾರ್ ಮನೇಲಿ ಸಾವಾಗದೋ. ಅವ್ರಿಗೂ ಒಂದ್ ದೀಪ ಅಚ್ಚು" ಎಂದಳು. ಆಸ್ಪತ್ರೆಯ ಹೊರಗಿನ ಗುಡಿಯಲ್ಲಿ ಎರಡು ದೀಪ ಹಚ್ಚಿದೆ.

ಆಪರೇಷನ್ನಾದ ನಾಲ್ಕನೆಯ ದಿನ, ಉಸಿರಾಟಕ್ಕೆಂದು ಬಾಯಿಗೆ ಹಾಕಿದ್ದ ಕೊಳವೆ ತೆಗೆದರು. ವಾರದೊಳಗೆ ಎದ್ದು ನಿಂತಳು. ಎಚ್ಚರವಾಗಿದ್ದು ನಡೆದದ್ದಕ್ಕೇ ಕಾಲಿನ ಶಕ್ತಿ ಉಳಿದಿದೆ ಎಂದು ಡಾಕ್ಟರು ಹೇಳಿದಾಗ, ಅವತ್ತು ಅವರ ಮೇಲೆ ಬಂದಿದ್ದ ಸಿಟ್ಟಿಗೆ ನನಗೆ ನಾಚಿಕೆಯಾಯಿತು.

ಈಗ ಅವಳು ಜೀವನಪೂರ್ತಿ ಮಾತ್ರೆ ನುಂಗಬೇಕು. ಹುಲ್ಲಿನ ಧೂಳು ಆಗದು, ಕೊಟ್ಟಿಗೆಗೆ ಹೋಗುವಂತಿಲ್ಲ. ಅಂಗಳದಲ್ಲಿ ಮಾಸ್ಕ್ ಹಾಕಿ ಕುರ್ಚಿಯಲ್ಲಿ ಕೂತು, ಹಾಲು ಕರೆಯುವ ಅಣ್ಣನಿಗೆ ಕೂಗಿ ಕೂಗಿ ಹೇಳುತ್ತಾಳೆ. ಹೋದ ತಿಂಗಳು ನಂಜನಗೂಡಿಗೆ ಬಂದು, ನಮ್ಮ ಮನೆಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಮೇಲೆ ಬಂದು ಒಂದು ಗಳಿಗೆ ನಿಂತು, "ಕಾಪಿ ಇಡು, ಸಕ್ರೆ ವಸಿ ಜಾಸ್ತಿ ಆಕು" ಎಂದಳು.