ಐದು ಸೀಟಿನ ರಾಮನದುರ್ಗ

ಮೋಟಾರು ನಡೆಸುವುದನ್ನು ನಾನು ಒಂದು ವಾರದಲ್ಲಿ ಕಲಿತೆ. ಮೋಟಾರಿನಲ್ಲಿ ಇಂಥಲ್ಲಿಗೆ ಹೋಗುತ್ತೇನೆಂದು ನಾಲ್ಕು ಜನರ ಮುಂದೆ ಬಾಯಿ ಬಿಡಬಾರದೆಂಬುದನ್ನು ಮಾತ್ರ ಐವತ್ತು ದಾಟಿದರೂ ಕಲಿಯಲಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಚೀಲ ಹೊತ್ತು ಹೊತ್ತು ಹೊಸಪೇಟೆಯಲ್ಲಿ ಸ್ವಂತ ಅಕ್ಕಿ ಗಿರಣಿ ಹಾಕಿದವನಿಗೆ ಇಷ್ಟು ತಿಳಿಯಬೇಡವೇ?

ನನ್ನ ಹೆಂಡತಿ ಗಂಗವ್ವ ಇಪ್ಪತ್ತೆರಡು ವರ್ಷ ಗಿರಣಿಯ ತೌಡಿನ ಧೂಳಿನಲ್ಲೇ ಬಾಳಿದವಳು. ಸಂಜೆ ಮಾಳಿಗೆ ಹತ್ತಿ ತೆಂಕಣಕ್ಕಿರುವ ಸಂಡೂರಿನ ಗುಡ್ಡಗಳನ್ನು ನೋಡುತ್ತ ನಿಲ್ಲುವಳು. ಅವಳು ಬಾಯಿ ಬಿಟ್ಟು ಕೇಳಿದ್ದು ಒಂದೇ: “ಒಮ್ಮೆ ಆ ರಾಮನದುರ್ಗದ ಮ್ಯಾಲೆ ನಿಂದರ್ಸ್ರಿ.” ಇಂಗ್ಲಿಷ್ ದೊರೆಗಳು ಬೇಸಿಗೆ ಕಳೆಯುವ ತಂಪು ಜಾಗ ಅದು. ಸೋಮವಾರ ಹೋಗೋಣವೆಂದೆ, ಅಕ್ಕ ನೀಲಮ್ಮನ ಎದುರಿಗೇ.

ಅಕ್ಕ ಪಂಚಾಂಗ ಹಿಡಿದಳು. ಸೋಮವಾರ ಬೆಳಗಿನ ಗಳಿಗೆ ಕೆಟ್ಟದ್ದಂತೆ, ಭಾನುವಾರದ್ದು ಒಳ್ಳೆಯದಂತೆ. ಅದಕ್ಕೂ ನಮ್ಮಲ್ಲಿ ಉಪಾಯವುಂಟು: ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟು ಬೇರೆಯವರ ಮನೆಯಲ್ಲಿಟ್ಟರೆ ಆಯಿತು, ಹೊರಟ ಲೆಕ್ಕ. ಇದಕ್ಕೆ ಪ್ರಸ್ಥಾನವೆಂದು ಹೆಸರು. ಯಾತ್ರಿಕ ಮನೆಯಲ್ಲೇ ಗೊರಕೆ ಹೊಡೆಯುತ್ತಿರಲಿ, ಯಾತ್ರೆ ಮಾತ್ರ ಹೊರಟಿರುತ್ತದೆ! ಅಕ್ಕ ನನ್ನ ಧೋತರದ ಗಂಟನ್ನು ಪಕ್ಕದ ಮನೆಯ ಕೊಟ್ರಪ್ಪನಲ್ಲಿಟ್ಟು ಬಂದಳು.

ಸೋಮವಾರ ಗಂಟು ತರಲು ಹೋದರೆ ಕೊಟ್ರಪ್ಪ ಹೊಸ ರುಮಾಲು ಸುತ್ತಿ ನಿಂತಿದ್ದ. ಹಿಂದೆ ಹೆಂಡತಿ, ಅತ್ತೆ, ಷಡ್ಡಕ.

“ಇದೇನೋ?”

“ಯಾತ್ರಿ ನಮ್ಮನಿಯಿಂದ ಹೊಂಟೈತಲ್ರಿ ಸಾವ್ಕಾರ್ರ. ನಮ್ಮನ್ನ ಬಿಟ್ಟು ಹೆಂಗ ಹೋಗ್ತೀರಿ?”

“ಹೌದಲೇ ತಮ್ಮಾ,” ಎಂದಳು ಹಿಂದೆಯೇ ಬಂದ ಅಕ್ಕ, “ಗಂಟಿಟ್ಟ ಮನಿಯವರಿಗೆ ಬ್ಯಾಡ ಅನ್ನಬಾರದು.” ಅಷ್ಟು ಹೇಳಿ ತಾನೇ ಮೊದಲು ಮೋಟಾರು ಹತ್ತಿ ಕೂತಳು.

ಐದು ಸೀಟಿಗೆ ಏಳು ಜನ. ಗಂಗವ್ವ ಬುತ್ತಿಯ ಗಂಟನ್ನು ಅಕ್ಕನ ತೊಡೆಯ ಮೇಲಿಟ್ಟು, “ನೀವು ಹೋಗಿ ಬರ್ರಿ, ನಾ ಮನಿ ನೋಡ್ಕೊಂತೀನಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಇಂಜಿನ್ ಕೆಟ್ಟಿದೆಯೆಂದು ಸುಳ್ಳು ಹೇಳಿ ಎಲ್ಲರನ್ನೂ ಇಳಿಸಿದೆ.

ನೆಟ್ಟಗೆ ಪಂಚಾಂಗ ಹೇಳುವ ಐನೋರ ಬಳಿ ಹೋಗಿ, “ತೆಂಕಣ ದಿಕ್ಕಿಗೆ ಭಾಳ ಕೆಟ್ಟ ದಿನ ಯಾವುದ್ರಿ?” ಎಂದೆ.

“ಗುರುವಾರ. ಅವತ್ತು ಆ ದಿಕ್ಕಿಗೆ ಶೂಲ ಇರ್ತದ. ಯಾರೂ ಹೊಸ್ತಿಲು ದಾಟಂಗಿಲ್ಲ.”

ಗುರುವಾರ ಬೆಳಿಗ್ಗೆ ಬಾಗಿಲಿಗೆ ಮೋಟಾರು ತಂದೆ. ಬೀದಿಯೆಲ್ಲ ನೋಡಿತು, ಯಾರೂ ಹತ್ತಿರ ಸುಳಿಯಲಿಲ್ಲ. ಗಂಗವ್ವ ಹೊಸ್ತಿಲಲ್ಲೇ ನಿಂತಳು. “ಶೂಲ ಚುಚ್ಚಿದ್ರ?”

“ಮುಂದ ಕಬ್ಬಿಣದ ಇಂಜಿನ್ ಐತಿ. ಮೊದಲು ಅದಕ್ಕ ಚುಚ್ಚಲಿ, ಹತ್ತು.”

ಗುಡ್ಡದ ತಿರುವುಗಳಲ್ಲಿ ಇಂಜಿನ್ ಎರಡು ಸಲ ಕುದಿಯಿತು. ಅದನ್ನು ಶೂಲದ ಲೆಕ್ಕಕ್ಕೆ ಬರೆದುಕೊಂಡೆವು. ಮೇಲೆ ತಂಪು ಗಾಳಿ, ಕೆಳಗೆ ನಮ್ಮ ಸೀಮೆಯೆಲ್ಲ ಹಾಸಿದ ಹಾಗೆ. ನನ್ನ ಗಿರಣಿ ತೋರಿಸಬೇಕೆಂದು ಹೆಮ್ಮೆಯಿಂದ ಬೆರಳು ಚಾಚಿ ಬಹಳ ಹೊತ್ತು ಹುಡುಕಿದೆ. ಸಿಗಲಿಲ್ಲ.

“ಬಿಡ್ರಿ,” ಎಂದಳು ಗಂಗವ್ವ, ಸೆರಗನ್ನು ಗಾಳಿಗೆ ಬಿಟ್ಟು. “ಅದು ಕಾಣದ ಜಾಗ ನೋಡಾಕ ಅಲ್ಲೇನು ನಾ ಬಂದಿದ್ದು?”