ಕಲ್ಗೋರಿಯ ಎರ್ರಿಯಪ್ಪ

ಕಂಪ್ಲಿಯಾಚೆ ಗುಡ್ಡದ ಮೇಲಿನ ಆದಿಕಾಲದ ಕಲ್ಗೋರಿ ತೋರಿಸಲು ಬಿಳಿ ದೊರೆಗಳನ್ನು ಕರೆದೊಯ್ಯುತ್ತಿದ್ದ ಎರ್ರಿಯಪ್ಪನಿಗೆ, ಸೂರ್ಯನೇ ತನ್ನ ಮನೆಯ ಆಳೆಂಬಷ್ಟು ಗತ್ತು. ಗೋರಿಯ ಬಂಡೆಗೆ ಕೊರೆದ ದುಂಡು ಕಿಂಡಿಯೊಳಗೆ ಮೊದಲ ಬಿಸಿಲು ಇಳಿಯುವಾಗ ಅಡ್ಡ ನಿಂತವನು ಕಲೆಕ್ಟರನಾದರೂ ಸರಿ, "ಬಾಜು ಸರೀರಿ, ಒಳಗಿನವ್ರಿಗೆ ಬಿಸಿಲು ಬೀಳವಲ್ದು!" ಎಂದು ಗದರುತ್ತಿದ್ದ. ಒಳಗಿನವರು ಯಾವ ಕಾಲದವರೆಂದು ಕೇಳಿದರೆ, "ನಮ್ಮಜ್ಜನ ಅಜ್ಜಗೂ ಇವ್ರು ಭಾಳ ಹಳಬರ್ರಿ" ಎನ್ನುತ್ತಿದ್ದ. ಸತ್ತ ಹಿರಿಯರಿಗೆ ಎಡೆಯಿಡುವ ಮಾನವಮಿ ಅಮಾವಾಸ್ಯೆಯಂದು ಅವನು ಅದೇ ಕಿಂಡಿಯಲ್ಲಿ ಹೋಳಿಗೆಯ ಎಡೆ, ಹಸಿರು ಬಳೆ ಇಟ್ಟು ಕೈಮುಗಿದಾಗ, ಪುರಾತನರ ಪೂಜೆ ಇನ್ನೂ ಉಳಿದಿದೆಯೆಂದು ಹಿಗ್ಗಿದ ದೊರೆಯೊಬ್ಬ ಫೋಟೊ ತೆಗೆದ. ಎರ್ರಿಯಪ್ಪ ಅವನನ್ನು ತಿದ್ದಲಿಲ್ಲ. ಪ್ಲೇಗಿನ ವರ್ಷ ಹೊಸಪೇಟೆಯಲ್ಲಿ ರೋಗಿಗಳನ್ನು ಕೂಡಿಹಾಕಿದ್ದ ಶೆಡ್ಡಿನಿಂದ ಅವನ ಹೆಂಡತಿ ಜಂಬವ್ವನ ಹೆಣ ಹೊತ್ತೊಯ್ದವರು, ಅದನ್ನು ಯಾವ ಗುಂಡಿಗೆ ಹಾಕಿದರೆಂದು ಹೇಳಲೇ ಇಲ್ಲ. ಅವಳ ಎಡೆಗೆ ಅವನಿಗೆ ಕಂಡವರ ಗೋರಿಯೇ ಗತಿ.